ಅದ್ಭುತ ಕಥೆಯೂ ಪಾತ್ರದ ಕುಂದೂ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ಕಾಡಿನ ನಡುವೆ ಹುಟ್ಟುವ ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮೊದಲು ಸವದತ್ತಿಯ ಸೀಮೆಯನ್ನು ಹಾಯ್ದು ಹೋಗುತ್ತದೆ. ನಾಡಿನ ಅತ್ಯಂತ ವಿಸ್ಮಯಕರವಾದ ಕಥೆಯೊಂದನ್ನು ಜನರು ಈ ನದಿಯ ದಂಡೆಯಲ್ಲಿಯೇ ನೆಲೆಗೊಳಿಸಿದ್ದಾರೆ. ಜಮದಗ್ನಿಯ ಪತ್ನಿ ರೇಣುಕೆಯು ದಿನವೂ ಮಲಪ್ರಭೆಗೆ ಇಳಿದು, ಮರಳಿನಿಂದ ಕೊಡ ಮಾಡಿ, ಹಾವನ್ನೇ ಸಿಂಬಿಯಾಗಿ ಸುತ್ತಿ ತಲೆಯ ಮೇಲಿಟ್ಟು, ನೀರು ಹೊತ್ತು ತರುತ್ತಿದ್ದಳಂತೆ. ಒಂದು ದಿನ ಜಲಕ್ರೀಡೆಯಲ್ಲಿದ್ದ ಗಂಧರ್ವರನ್ನು ಕಂಡು ಆಕೆಯ ಮನಸ್ಸು ಕ್ಷಣಕಾಲ ಚಂಚಲವಾಯಿತು. ಮರಳು ಕೊಡವಾಗಿ ನಿಲ್ಲಲಿಲ್ಲ; ಹಾವು ಸಿಂಬಿಯಾಗಿ ಉಳಿಯಲಿಲ್ಲ.

ಮರಳಿನ ಕೊಡದಲ್ಲಿ ನೀರು ತಂದುದನ್ನು ಕಂಡವರಿಲ್ಲ. ಆದರೂ ಯಲ್ಲಮ್ಮನ ಕಥೆ ಕೇಳುವವರಾರೂ ಅಲ್ಲಿ ತಡೆದು ಪ್ರಶ್ನೆ ಕೇಳುವುದಿಲ್ಲ. ಭಕ್ತಿಯೊಂದೇ ಇದಕ್ಕೆ ಕಾರಣವೆನ್ನಲಾಗದು. ಏಕಾಗ್ರವಾದ ಮನಸ್ಸು ಕ್ಷಣಾರ್ಧದಲ್ಲಿ ಚದುರುವುದನ್ನು ಪ್ರತಿಯೊಬ್ಬರೂ ತಮ್ಮೊಳಗೇ ಕಂಡಿದ್ದಾರೆ. ಕಂಡ ಆ ಸಂಗತಿಯ ಬಲದಿಂದ ಕಾಣದ ಕೊಡವನ್ನೂ ನಂಬುತ್ತಾರೆ. ವ್ಯಾಸಭಾರತದ ವನಪರ್ವದಲ್ಲಿಯೂ ಈ ಪ್ರಸಂಗವುಂಟು. ಅಲ್ಲಿ ರೇಣುಕೆ ಕಾಣುವುದು ಚಿತ್ರರಥನೆಂಬ ರಾಜನನ್ನು. ಮರಳಿನ ಕೊಡದ ಮಾತು ಅಲ್ಲಿಲ್ಲ. ಕೊಡದ ಅದ್ಭುತವನ್ನು ಹೇಳುವ ಜನಪದರು, ಆಕೆಯನ್ನು ತಾಯಿಯೆಂದು ಪೂಜಿಸುವವರಾದರೂ, ಆ ಒಂದು ಗಳಿಗೆಯ ಚಾಂಚಲ್ಯವನ್ನು ಅಳಿಸಲಿಲ್ಲವೆಂಬುದು ಗಮನಾರ್ಹ.

ಕಥೆಯ ಉಳಿದವರೂ ಕುಂದಿಲ್ಲದವರಲ್ಲ. ಋಷಿಯ ತಪಸ್ಸು ಆತನ ಕೋಪವನ್ನು ಸುಡಲಿಲ್ಲ. ತಾಯಿಯನ್ನು ಕೊಲ್ಲೆನೆಂದ ನಾಲ್ವರು ಮಕ್ಕಳು ಶಾಪಕ್ಕೆ ಗುರಿಯಾದರು, ಪರಶುರಾಮನು ಕೊಡಲಿಯೆತ್ತಿದನು. ಬಳಿಕ ಆತ ಬೇಡಿದ ವರಗಳನ್ನು ನೋಡಬೇಕು. ತಾಯಿ ಬದುಕಲಿ ಎಂದಷ್ಟೇ ಕೇಳಿ ಸುಮ್ಮನಾಗಲಿಲ್ಲ, ಕೊಲೆಯ ನೆನಪು ಆಕೆಗೆ ಉಳಿಯದಿರಲಿ ಎಂದೂ ಬೇಡಿದನು. ವಿಧೇಯತೆಯೇ ಸರ್ವಸ್ವವೆಂದು ನಂಬಿದವನಿಗೂ ತಾಯಿಯ ಮುಖ ನೋಡುವ ಧೈರ್ಯ ಸಾಲಲಿಲ್ಲ.

ಇಂತಹ ನೆಲದಲ್ಲಿ ಬೆಳೆಯುವ ಮಕ್ಕಳು ಶಾಲೆಯ ಕೈಬರಹ ಪತ್ರಿಕೆಗೆ ಅದ್ಭುತ ಕಥೆ ಬರೆದರೆ ಅದರ ರಾಜಕುಮಾರ ಸುಳ್ಳಾಡುವುದಿಲ್ಲ, ಅಂಜುವುದಿಲ್ಲ, ಅಸೂಯೆಪಡುವುದಿಲ್ಲ. ಅಪರೂಪಕ್ಕೆ ಒಬ್ಬ ಬಾಲಕ ತನ್ನ ನಾಯಕನಿಂದ ಸುಳ್ಳು ಹೇಳಿಸಿದರೆ ಕೆಂಪು ಶಾಯಿ ಅದನ್ನು ಹೊಡೆದುಹಾಕುತ್ತದೆ. ಉದ್ದೇಶ ಸದುದ್ದೇಶವೇ. ಆದರೆ ನಾಯಕನಿಗೆ ಸೋಲುವ ಸಂಭವವೇ ಇಲ್ಲವೆಂದಮೇಲೆ ರಾಕ್ಷಸನಿಗೆ ಹತ್ತು ತಲೆಯಿದ್ದರೇನು, ನೂರಿದ್ದರೇನು? ಕುಂದನ್ನು ಹೊರಗಿನಿಂದ ಅಂಟಿಸುವುದೂ ಸಲ್ಲದು. ಮೊದಲ ಪುಟದಲ್ಲಿ ನಾಯಕನು ಸಿಡುಕನೆಂದು ಬರೆದು, ಆ ಸಿಡುಕಿನಿಂದ ಕೊನೆಯವರೆಗೂ ಯಾವ ಕೇಡೂ ಸಂಭವಿಸದಿದ್ದರೆ ಅದು ನಾಟಕದವರ ಹುಸಿ ಮೀಸೆಯಂತೆ.

ಗಿರೀಶ ಕಾರ್ನಾಡರ ‘ಹಯವದನ’ವನ್ನು (1971) ಈ ದೃಷ್ಟಿಯಿಂದ ಓದಬೇಕು. ತಲೆಗಳು ಅದಲುಬದಲಾಗುವ ಕಥೆ ಕಥಾಸರಿತ್ಸಾಗರದ ಬೇತಾಳನದು. ಜರ್ಮನಿಯ ಥಾಮಸ್ ಮನ್ 1940ರಲ್ಲಿ ಅದನ್ನು ತನ್ನ ರೀತಿಯಲ್ಲಿ ಹೇಳಿದ್ದನು. ಕಾರ್ನಾಡರ ಪದ್ಮಿನಿಯು ಗಂಡ ದೇವದತ್ತನ ಬುದ್ಧಿಯನ್ನೂ ಕಪಿಲನ ಮೈಕಟ್ಟನ್ನೂ ಮೆಚ್ಚಿದವಳು. ಕಾಳಿಯ ಗುಡಿಯ ಕತ್ತಲೆಯಲ್ಲಿ ಆಕೆ ರುಂಡಗಳನ್ನು ತಪ್ಪಾಗಿ ಜೋಡಿಸಿದಳೆನ್ನುತ್ತಾರೆ. ಅದು ಗಡಿಬಿಡಿಯೋ, ಆಸೆಯೋ? ಪ್ರೇಕ್ಷಕನಿಗೆ ಆ ಸಂದೇಹ ಉಳಿದೇ ಉಳಿಯುತ್ತದೆ. ರುಂಡ ಕೂಡಿಕೊಂಡ ಪವಾಡದ ಬಗ್ಗೆ ಆತ ಸಂದೇಹಪಡುವುದನ್ನೇ ಮರೆಯುತ್ತಾನೆ. ಆಂಗ್ಲ ಲೇಖಕ ಟೋಲ್ಕೀನ್ 1954-55ರಲ್ಲಿ ಪ್ರಕಟಿಸಿದ ‘ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿಯೂ ಹೀಗೆಯೇ. ಮಾಯಾ ಉಂಗುರವನ್ನು ಬೆಂಕಿಗೆ ಹಾಕಲೆಂದೇ ಅಷ್ಟು ದೂರ ನಡೆದ ಫ್ರೋಡೊ, ಬೆಂಕಿಯ ಅಂಚಿನಲ್ಲಿ ನಿಂತು ಅದನ್ನು ಬಿಡಲೊಲ್ಲೆನೆನ್ನುತ್ತಾನೆ. ಮೂರು ಸಂಪುಟಗಳ ಪ್ರಯಾಣವು ಆ ಒಂದು ನಿರಾಕರಣೆಯಿಂದ ನಿಜವೆನಿಸುತ್ತದೆ.

ಮಠದ ಶಾಲೆಯಲ್ಲಿ ಶೀಲಕ್ಕೆ ಪ್ರಥಮ ಸ್ಥಾನ. ಅದರಲ್ಲಿ ಎರಡು ಮಾತಿಲ್ಲ. ಆದರೂ ಬಾಲಕನ ರಾಜಕುಮಾರ ಸುಳ್ಳು ಹೇಳಿದಾಗ ಗುರುಗಳು ಆ ಸಾಲನ್ನು ಹೊಡೆದುಹಾಕುವ ಬದಲು, ಆ ಸುಳ್ಳಿನಿಂದ ಮುಂದೆ ಯಾರಿಗೆ ಏನಾಯಿತೆಂದು ಕೇಳಿ, ಇನ್ನೆರಡು ಪುಟ ಬರೆಯಿಸಬಹುದು.