ಕಾರ್ಡಿಗೆ ಒಳಪಡದ ಔಷಧದ ವೆಚ್ಚ

ತಲಾಕ್ ಅಥವಾ ಖುಲಾದ ಪಂಚಾಯ್ತಿಗೆ ಕುಳಿತಾಗ ನಾವು ಮಹ್ರ್, ಇದ್ದತ್‌ನ ಖರ್ಚು, ಒಡವೆಗಳನ್ನೆಲ್ಲ ಎಣಿಸಿ ಬರೆಯುತ್ತೇವೆ. ಮಗುವಿನ ಔಷಧದ ಮಾತು ಬಂದರೆ ‘ಆಯುಷ್ಮಾನ್ ಕಾರ್ಡ್ ಇದೆಯಲ್ಲ’ ಎಂದು ಮುಂದೆ ಸಾಗುತ್ತೇವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆ ಕೊಡಿಸುವ ಕಾರ್ಡು ಅದು. ಇಟ್ಟಂಗಿಹಾಳದಿಂದ ವಿಜಯಪುರಕ್ಕೆ ಹೋಗಿ ಖಾಸಗಿ ವೈದ್ಯರಿಗೆ ತೋರಿಸಿ ತಂದ ಜ್ವರದ ಔಷಧಕ್ಕೂ ಬಸ್ಸಿನ ಖರ್ಚಿಗೂ ಅದು ಬಾರದು. ಆ ಸಣ್ಣ ಬಿಲ್ಲುಗಳೆಲ್ಲ ತವರಿನಲ್ಲಿರುವ ತಾಯಿಯ ಸೆರಗಿನ ಗಂಟಿನಿಂದಲೇ ಹೋಗುತ್ತವೆ.

ಸ್ಥಿತಿವಂತನು ತನ್ನ ಸ್ಥಿತಿಗೆ ತಕ್ಕಂತೆ, ಬಡವನು ಅಲ್ಲಾಹನು ತನಗಿತ್ತುದರಿಂದ ಖರ್ಚು ಮಾಡಬೇಕೆಂಬುದು ಸೂರಃ ಅತ್ತಲಾಕ್‌ನ 7ನೆಯ ವಚನದ ಆಜ್ಞೆ. ಹನಫೀ ಫಿಕ್ಹ್‌ನಲ್ಲಿ ಮಗುವಿನ ನಫಖಾ ತಂದೆಯ ಹೊಣೆ. ಆತ ಬಡವನಾಗಿ, ಅನುಕೂಲವುಳ್ಳ ತಾಯಿ ಖರ್ಚು ಮಾಡಿದರೂ ಅದು ಆತನ ಮೇಲಿನ ಸಾಲವೇ. 1986ರ ಕಾಯ್ದೆಯ ಎರಡು ವರ್ಷದ ಮಿತಿಯು ಮಕ್ಕಳಿಗೆ ತಂದೆ ಕೊಡಬೇಕಾದ ಜೀವನಾಂಶವನ್ನು ಕಡಿತಗೊಳಿಸದೆಂದು 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಹೇಳಿತು.

‘ಅರ್ಧರ್ಧ ಹಂಚಿಕೊಳ್ಳಲಿ’ ಎಂಬುದು ನ್ಯಾಯದಂತೆಯೇ ಕೇಳಿಸುತ್ತದೆ. ಹೊಲಿಗೆಯಿಂದ ಬದುಕುವವಳಿಗೂ ಗಲ್ಫ್ ಸಂಬಳದವನಿಗೂ ಆ ಅರ್ಧ ಒಂದೇ ತೂಕವೇ? ಗಳಿಸುವ ತಾಯಿ ಮನಃಪೂರ್ವಕವಾಗಿ ಪಾಲು ಕೊಟ್ಟರೆ ಅದು ಬೇರೆ ಮಾತು. ಜಮಾಅತಿನ ಹಿರಿಯರು ಒಪ್ಪಂದದಲ್ಲಿ ಒಂದು ಸಾಲು ಸೇರಿಸಲಿ: ಕಾರ್ಡು ಭರಿಸದ ವೈದ್ಯಕೀಯ ವೆಚ್ಚ ತಂದೆಯದು, ಬಿಲ್ಲು ತೋರಿಸಿದ ತಿಂಗಳೊಳಗೆ ಸಂದಾಯ. ರಾತ್ರಿ ಮಗುವಿಗೆ ಉಸಿರು ಕಟ್ಟಿದಾಗ ಮೊದಲು ಫೋನ್ ಮಾಡಿ ಅನುಮತಿ ಪಡೆಯಬೇಕೆಂಬ ಶರತ್ತನ್ನು ಮಾತ್ರ ಯಾರೂ ಬರೆಸದಿರಲಿ.