ಇರಾನಿನ ಸುಧಾರಣೆ ಮತ್ತು ಹೊರಗಿನವರು

ಮುಸ್ಲಿಂ ಬಹುಸಂಖ್ಯಾತ ರಾಷ್ಟ್ರಗಳಲ್ಲಿ ರಾಜಕೀಯ ಸುಧಾರಣೆ ಆಗಬೇಕೆಂದು ಹೊರಗಿನವರು ಒತ್ತಾಯಿಸಬಹುದೇ? ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ. ಅದು ಆ ದೇಶದ ಆಂತರಿಕ ವಿಷಯ ಎಂಬುದು ಒಂದು. ಬಲಪ್ರಯೋಗದಿಂದಲಾದರೂ ಅಲ್ಲಿನ ಜನರನ್ನು ಬಿಡುಗಡೆಗೊಳಿಸಬೇಕು ಎಂಬುದು ಇನ್ನೊಂದು. ಇರಾನಿನ ಚರಿತ್ರೆಯನ್ನು ಮುಂದಿಟ್ಟುಕೊಂಡು ನೋಡಿದರೆ ಎರಡೂ ನಿಲ್ಲಲಾರವೆಂದು ನಮಗೆ ತೋರುತ್ತದೆ.

1951ರಲ್ಲಿ ಆ ದೇಶದ ಸಂಸತ್ತು ಬ್ರಿಟಿಷರ ಹಿಡಿತದಲ್ಲಿದ್ದ ತೈಲೋದ್ಯಮವನ್ನು ರಾಷ್ಟ್ರೀಕರಣಗೊಳಿಸಿತು. ಆ ಚಳವಳಿಯ ನೇತಾರ ಮೊಹಮ್ಮದ್ ಮೊಸಾದೆಕ್ ಪ್ರಧಾನಿಯಾದರು. ಅರಸನ ಅಧಿಕಾರಕ್ಕೆ ಸಂವಿಧಾನದ ಕಡಿವಾಣವಿರಬೇಕೆಂಬುದು ಅವರ ನಿಲುವು. ಇಂದು ಹೊರಗಿನವರು ಬಯಸುವ ಸುಧಾರಣೆ ಇದೇ ಅಲ್ಲವೇ? ಆದರೆ 1953ರ ಆಗಸ್ಟಿನಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳು ಸಂಚು ಹೂಡಿ ಅವರನ್ನು ಪದಚ್ಯುತಗೊಳಿಸಿದವು. ಸೆರೆವಾಸದ ನಂತರ ಗೃಹಬಂಧನದಲ್ಲಿದ್ದ ಅವರು 1967ರಲ್ಲಿ ತೀರಿಕೊಂಡರು. ಶಾ ದೊರೆಯ ನಿರಂಕುಶ ಆಳ್ವಿಕೆ 1979ರವರೆಗೆ ಮುಂದುವರಿಯಿತು. ಆ ಸಂಚಿನಲ್ಲಿ ತನ್ನ ಪಾತ್ರವನ್ನು ಅಮೆರಿಕದ ಗುಪ್ತಚರ ಸಂಸ್ಥೆಯ ದಾಖಲೆಗಳು ಸ್ಪಷ್ಟವಾಗಿ ಒಪ್ಪಿಕೊಂಡದ್ದು ಹೊರಬಂದದ್ದು 2013ರಲ್ಲಿ. ಪಾಪನಿವೇದನೆಗೇ ಅರವತ್ತು ವರ್ಷ ಹಿಡಿದರೆ ಪ್ರಾಯಶ್ಚಿತ್ತಕ್ಕೆ ಎಷ್ಟು ಕಾಲ ಬೇಕೋ!

ಹಾಗೆಂದ ಮಾತ್ರಕ್ಕೆ ಮೌನವೇ ಧರ್ಮವೆಂದು ನಾವು ಹೇಳುತ್ತಿಲ್ಲ. ನಾಗರಿಕ ಹಾಗೂ ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಇರಾನ್ 1975ರಲ್ಲಿ ತಾನಾಗಿಯೇ ಅಂಗೀಕರಿಸಿತು. ಕೊಟ್ಟ ಮಾತನ್ನು ನೆನಪಿಸುವುದು ಹಸ್ತಕ್ಷೇಪವಾಗದು. 2022ರ ಸೆಪ್ಟೆಂಬರಿನಲ್ಲಿ ಮಹ್ಸಾ ಅಮೀನಿ ಎಂಬ ತರುಣಿ ನೈತಿಕ ಪೊಲೀಸರ ವಶದಲ್ಲಿದ್ದಾಗ ಸಾವನ್ನಪ್ಪಿದಳು. ಬೀದಿಗಿಳಿದು ಮಹಿಳೆ, ಬದುಕು, ಸ್ವಾತಂತ್ರ್ಯ ಎಂದು ಕೂಗಿದವರು ಹೊರಗಿನವರಲ್ಲ, ಇರಾನಿನ ಮಕ್ಕಳೇ. ಮರುವರ್ಷ ನರ್ಗಿಸ್ ಮೊಹಮ್ಮದಿಯವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆಯಾದಾಗ ಅವರು ತೆಹರಾನಿನ ಎವಿನ್ ಸೆರೆಮನೆಯಲ್ಲಿದ್ದರು. ಓಸ್ಲೋದಲ್ಲಿ ಪ್ರಶಸ್ತಿಯನ್ನು ಸ್ವೀಕರಿಸಿದವರು ಅವರ ಅವಳಿ ಮಕ್ಕಳು. ಹೊರಗಿನವರ ಇಂಥ ಒತ್ತಾಯದಲ್ಲಿ ಸೆರೆಯಾಳಿನ ಹೆಸರು ಉಳಿಯುತ್ತದೆ.

ಇನ್ನೊಂದು ಬಗೆಯ ಒತ್ತಾಯವನ್ನೂ ಅದೇ ಎವಿನ್ ಕಂಡಿತು. 2025ರ ಜೂನ್ 23ರಂದು ಇಸ್ರೇಲ್ ಅದರ ಮೇಲೆ ಬಾಂಬು ಹಾಕಿತು. ಇಸ್ರೇಲಿನ ವಿದೇಶಾಂಗ ಮಂತ್ರಿಗಳು ಅದನ್ನು ಸ್ವಾತಂತ್ರ್ಯದ ಹೆಸರಿನಲ್ಲಿ ಕೊಂಡಾಡಿದರು. ಸತ್ತವರಲ್ಲಿ ಸೆರೆಯಾಳುಗಳಿದ್ದರು, ಅವರನ್ನು ಕಾಣಲು ಬಂದ ಬಂಧುಗಳೂ ಇದ್ದರು. ಬದುಕುಳಿದ ಸೆರೆಯಾಳು ಮಹಿಳೆಯರನ್ನು ಕರ್ಚಕ್ ಸೆರೆಮನೆಗೆ ಸಾಗಿಸಲಾಯಿತು. ಗುರಿ ಒಳ್ಳೆಯದೆಂದು ಸಾಧನ ಶುದ್ಧವಾಗದೆಂಬುದು ನೀತಿಶಾಸ್ತ್ರದ ಮೊದಲ ಪಾಠ. ಇಲ್ಲಿ ಗುರಿಯೂ ಒಳ್ಳೆಯದಿತ್ತೇ ಎಂಬ ಸಂದೇಹ ನಮಗಿದೆ.

ಒತ್ತಾಯಿಸುವವರು ತಮ್ಮ ಮಿತ್ರರನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. 2018ರ ಅಕ್ಟೋಬರಿನಲ್ಲಿ ಸೌದಿ ಪತ್ರಕರ್ತ ಜಮಾಲ್ ಖಶೋಗಿಯವರನ್ನು ಇಸ್ತಾಂಬುಲಿನ ಸೌದಿ ದೂತಾವಾಸದೊಳಗೆ ಕೊಲ್ಲಲಾಯಿತು. ಆ ಕಾರ್ಯಾಚರಣೆಗೆ ಸೌದಿ ಯುವರಾಜನ ಅನುಮೋದನೆಯಿತ್ತೆಂದು ಅಮೆರಿಕದ್ದೇ ಗುಪ್ತಚರ ವರದಿ 2021ರಲ್ಲಿ ಹೇಳಿತು. ಯುವರಾಜ ಅದನ್ನು ನಿರಾಕರಿಸಿದ್ದಾನೆ. 2022ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷರು ಜೆಡ್ಡಾಕ್ಕೆ ಹೋಗಿ ಅದೇ ಯುವರಾಜನ ಮುಷ್ಟಿಗೆ ಮುಷ್ಟಿ ತಾಗಿಸಿದರು. ಆ ಚಿತ್ರವನ್ನು ತೆಹರಾನಿನಲ್ಲಿ ಆಳುವವರೂ ಕಂಡರು, ಸೆರೆಯಾಳುಗಳ ಮನೆಯವರೂ ಕಂಡರು.