ಉದ್ಯೋಗ ಮೇಳಕ್ಕೆ ಮೊದಲು ಕೆಲಸ ಕಲಿಸಿ



ವಿಕಲಚೇತನರ ಉದ್ಯೋಗ ಮೇಳ ನಡೆದಾಗಲೆಲ್ಲ ಕಂಪನಿಯವರದು ಒಂದೇ ಮಾತು: ‘ಕೆಲಸವಿದೆ, ತಕ್ಕವರು ಸಿಗುತ್ತಿಲ್ಲ’. ತಕ್ಕವರನ್ನು ತಯಾರು ಮಾಡಬೇಕಾದವರು ಯಾರು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 19ನೇ ಕಲಂ ಆ ಹೊಣೆಯನ್ನು ಸರ್ಕಾರದ ಮೇಲೇ ಹೊರಿಸಿದೆ. ಸರ್ಕಾರಿ ನೌಕರಿಯ ಶೇ 4ರ ಮೀಸಲಾತಿ ಎಲ್ಲರಿಗೂ ಗೊತ್ತು. ಈ ಕಲಮಿನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಕೆಲಸಕ್ಕೇನೂ ಬರವಿಲ್ಲ. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳು, ದೇವನಹಳ್ಳಿಯ ವಿಮಾನ ನಿಲ್ದಾಣ, ಹೊಸಕೋಟೆ, ನೆಲಮಂಗಲದ ಗೋದಾಮುಗಳು ಎಲ್ಲವೂ ಇಲ್ಲೇ ಇವೆ. ಆದರೆ ಕೆಲಸ ಕಲಿಸುವುದರಲ್ಲಿ ಹೆಸರಾದ ಸಂಸ್ಥೆಗಳ ನೆಲೆ ಬೆಂಗಳೂರು ನಗರದೊಳಗೆ. 1959ರಲ್ಲಿ ಶುರುವಾದ ಎಪಿಡಿ ಲಿಂಗರಾಜಪುರದಲ್ಲಿ, ಎನೇಬಲ್ ಇಂಡಿಯಾ ಕೋರಮಂಗಲದಲ್ಲಿ, ಸಮರ್ಥನಂ ಎಚ್‌ಎಸ್‌ಆರ್ ಬಡಾವಣೆಯಲ್ಲಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನ ಕಡೆಯ ಹಳ್ಳಿಯಿಂದ ಊರುಗೋಲು ಹಿಡಿದ ಹುಡುಗ ಬಸ್ಸು ಬದಲಿಸುತ್ತಾ ಅಲ್ಲಿಗೆ ದಿನವೂ ಹೋಗಿ ಬರುವುದು ಆಗದ ಮಾತು. ರಿಯಾಯಿತಿ ಪಾಸ್ ಇದೆ, ನಿಜ. ಬಸ್ಸಿನ ಮೆಟ್ಟಿಲು ಹತ್ತಬೇಕಲ್ಲ!

ಇದಕ್ಕಿಂತ ದೊಡ್ಡ ತೊಡಕು ಮಾಸಾಶನದ್ದು. ಅಂಗವೈಕಲ್ಯದ ಪ್ರಮಾಣ ನೋಡಿ ತಿಂಗಳಿಗೆ 800 ಅಥವಾ 1,400 ರೂಪಾಯಿ ಬರುತ್ತದೆ. ಅದಕ್ಕೆ ವರ್ಷದ ಆದಾಯ 32 ಸಾವಿರ ದಾಟಬಾರದು. ಕಾರ್ಖಾನೆಯ ಮೂರು ತಿಂಗಳ ಸಂಬಳಕ್ಕೇ ಈ ಮಿತಿ ಮುಗಿದುಹೋಗುತ್ತದೆ. ನಾಲ್ಕನೇ ತಿಂಗಳು ಗುತ್ತಿಗೆದಾರ ‘ಬರಬೇಡ’ ಎಂದರೆ ಕೆಲಸವೂ ಇಲ್ಲ, ಮಾಸಾಶನವೂ ಇಲ್ಲ; ಮತ್ತೆ ನಾಡಕಚೇರಿಗೆ ಅಲೆದಾಟ. ಹೀಗಿರುವಾಗ ‘ಇರೋದು ಸಾಕು, ಮನೇಲಿರು’ ಎನ್ನುವ ತಾಯಿಯನ್ನು ನಾನಂತೂ ದೂರಲಾರೆ. ಕೆಲಸ ಸಿಕ್ಕವರ ಮಾಸಾಶನವನ್ನು ರದ್ದು ಮಾಡದೆ ಒಂದು ವರ್ಷ ತಡೆಹಿಡಿದು, ಕೆಲಸ ಹೋದರೆ ಹೊಸ ಅರ್ಜಿಯಿಲ್ಲದೆ ಮುಂದುವರಿಸಿದರೆ ಅರ್ಧ ಭಯ ಕಳೆಯುತ್ತದೆ.

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಕಿವಿ ಕೇಳದವರು ಸಲೀಸಾಗಿ ನೇಯುವುದನ್ನು ನೋಡಿದ್ದೇನೆ. (ಆ ಸದ್ದಿನಲ್ಲಿ ಕೇಳುವವರೂ ಕೈಸನ್ನೆಯಲ್ಲೇ ಮಾತಾಡಬೇಕು!) ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದೇ ಅವರಿಗಾದ ತರಬೇತಿ. ಕಾರ್ಖಾನೆಯಲ್ಲೂ ಹಾಗೆಯೇ ಆಗಬೇಕು. ಗೋದಾಮಿನಲ್ಲಿ ಸ್ಕ್ಯಾನರ್ ಹಿಡಿಯಬೇಕಾದವರಿಗೆ ಊರಿನಲ್ಲಿ ಮೇಣದಬತ್ತಿ ಮಾಡಲು ಕಲಿಸಿದರೆ ಏನು ಬಂತು? ಶೇ 5ರಷ್ಟು ವಿಕಲಚೇತನರನ್ನು ಸೇರಿಸಿಕೊಳ್ಳುವಂತೆ ಖಾಸಗಿಯವರಿಗೆ ಉತ್ತೇಜನ ಕೊಡಲು ಅದೇ ಕಾಯ್ದೆಯ 35ನೇ ಕಲಂ ಹೇಳುತ್ತದೆ. ಕೆಐಎಡಿಬಿ ಜಮೀನು ಕೊಡುವಾಗಲೇ ಕಂಪನಿಯೊಳಗೆ ಸಂಬಳಸಹಿತ ಕಲಿಕೆಯ ಷರತ್ತು ಹಾಕಲಿ. ಸನ್ನೆಭಾಷೆ ಬಲ್ಲವರೊಬ್ಬರು ಅಲ್ಲಿರಲಿ. ಯಾವ ಮನೆಯಲ್ಲಿ ವಿಕಲಚೇತನರಿದ್ದಾರೆಂದು ಹುಡುಕಬೇಕಾಗಿಯೂ ಇಲ್ಲ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಎಲ್ಲವೂ ಗೊತ್ತು.

ಜಿಲ್ಲಾ ಉಸ್ತುವಾರಿ ಸಚಿವರು ಮುಂದಿನ ಕೆಡಿಪಿ ಸಭೆಯಲ್ಲಿ ತ್ರಿಚಕ್ರ ವಾಹನ ಎಷ್ಟು ವಿತರಿಸಿದಿರಿ ಎಂದು ಕೇಳುವ ಜೊತೆಗೆ, ಮೇಳದಲ್ಲಿ ಆಯ್ಕೆಯಾದವರ ಪೈಕಿ ಆರು ತಿಂಗಳ ನಂತರವೂ ಕೆಲಸದಲ್ಲಿರುವವರು ಎಷ್ಟು ಮಂದಿ ಎಂದೂ ಕೇಳಲಿ.

– ನಿವೃತ್ತ ಶಿಕ್ಷಕ, ದೊಡ್ಡಬಳ್ಳಾಪುರ